ಹೊಗೆ, ಖಾರ ಮತ್ತು ಹುಳದ ಉಪ್ಪು

ಸಾರು ಹೊಗೆ ವಾಸನೆ ಹೊಡೆದರೆ ನಮ್ಮ ಕಡೆ ಅದು ಸೊಸೆಯ ತಪ್ಪು. ಮೆಕ್ಸಿಕೋದ ವಹಾಕಾ ರಾಜ್ಯದಲ್ಲಿ ಅದೇ ವಾಸನೆಗೆ ಬೆಲೆ ಜಾಸ್ತಿ. ಅಲ್ಲಿನ ಮೆಸ್ಕಾಲ್ ಎಂಬ ಮದ್ಯದ ಬಿರಡೆಯನ್ನು ಟೆಕ್ಸಸ್ಸಿನ ನಮ್ಮ ಅಡುಗೆಮನೆಯಲ್ಲಿ ತೆಗೆದಾಗ, ಊರಿಂದ ಬಂದಿದ್ದ ಅಮ್ಮ ದೂರದಿಂದಲೇ ಮೂಸಿ ಅಂದಳು: "ಆಯಸ್ಸೆಲ್ಲ ಸೌದೆ ಒಲೆ ಮುಂದೆ ಕೂತು ಈ ಹೊಗೆ ಕುಡಿದಿದ್ದೀನಲ್ಲೋ, ನನಗೆ ಯಾರೂ ಒಂದು ಡಾಲರ್ ಕೊಡಲಿಲ್ಲ."

ಮಾತಿನಲ್ಲಿ ಹುರುಳಿದೆ. ಆದರೆ ವಹಾಕಾದವರ ಹೊಗೆಗೆ ತಾಳ್ಮೆಯೂ ಸೇರಿದೆ. ಮೆಸ್ಕಾಲ್ ಇಳಿಯುವುದು ನಮ್ಮ ಹೊಲದ ಬೇಲಿಯ ಕತ್ತಾಳೆಯ ನೆಂಟರಿಂದ. ನಮ್ಮ ಕತ್ತಾಳೆಯ ಮೂಲವೂ ಆ ಕಡೆಯದೇ. ನಾವು ಅದರಿಂದ ಹಗ್ಗ ಹೊಸೆದು ಸುಮ್ಮನಾದೆವು. ಅವರು ಎಸ್ಪಾದಿನ್ ಎಂಬ ಜಾತಿಯನ್ನು ಆರೆಂಟು ವರ್ಷ ಬೆಳೆಸಿ, ಎಲೆ ಸವರಿ, ಗಡ್ಡೆಯಂಥ ತಿರುಳನ್ನು ನೆಲದ ಗುಂಡಿಯಲ್ಲಿ ಕಾದ ಕಲ್ಲುಗಳ ಮೇಲೆ ಒಟ್ಟಿ, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸುತ್ತಾರೆ. ಆಮೇಲೆ ಎಷ್ಟೋ ಕಡೆ ಇಂದಿಗೂ ಕುದುರೆ ಎಳೆಯುವ ಕಲ್ಲುಗಾಲಿಯಲ್ಲಿ ಅರೆದು, ಹುಳಿಸಿ, ಭಟ್ಟಿ ಇಳಿಸುತ್ತಾರೆ. ಟೆಕೀಲಾದ ಕತ್ತಾಳೆ ಸಾಮಾನ್ಯವಾಗಿ ಹಬೆಯಲ್ಲಿ ಬೇಯುತ್ತದೆ, ಅದಕ್ಕೇ ಅದರಲ್ಲಿ ಹೊಗೆಯಿಲ್ಲ.

ಅಂದರೆ ಹೊಗೆ ಬಾಟಲಿಯೊಳಗೇ ಇದೆ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಮನೆಯಲ್ಲಿ ಕಾಕ್‌ಟೇಲ್ ಮಾಡುವ ಗಂಡಸರಿಗೆಲ್ಲ ಈಗ ಸ್ಮೋಕಿಂಗ್ ಗನ್ ಎಂಬ ಹುಚ್ಚು ಹಿಡಿದಿದೆ. ಮರದ ಹೊಟ್ಟು ಸುಟ್ಟು ಲೋಟದೊಳಗೆ ಹೊಗೆ ಊದುವ ಯಂತ್ರ ಅದು. ಅನ್ನಕ್ಕೆ ಇಟ್ಟ ನೀರು ಇಳಿಸಲು ಬಾರದವರೂ ಅದನ್ನು ಹಿಡಿದಾಗ ವಿಜ್ಞಾನಿಯ ಮುಖ ಮಾಡುತ್ತಾರೆ. ಮೆಸ್ಕಾಲಿಗೆ ಮತ್ತೆ ಹೊಗೆ ಊದುವುದು ಹುಣಸೆಹಣ್ಣಿಗೆ ನಿಂಬೆ ಹಿಂಡಿದ ಹಾಗೆ.

ಮೆಸ್ಕಾಲಿನ ಖಾರದ ಕಾಕ್‌ಟೇಲ್ ಮಾಡುವುದು ಸುಲಭ. ಎರಡು ಮೂರು ಬಿಲ್ಲೆ ಹಾಲಪೀನ್ಯೊ ಮೆಣಸಿನಕಾಯಿಯನ್ನು ಜಜ್ಜಿ. ನಮ್ಮನೆಯಲ್ಲಿ ಅದಕ್ಕೆ ಅಜ್ಜಿಯ ಎಲೆ ಅಡಿಕೆ ಕುಟ್ಟಾಣಿಯೇ ಆಯುಧ. ಅಜ್ಜಿಯ ಆತ್ಮ ಏನೆಂದುಕೊಂಡಿತೋ ಗೊತ್ತಿಲ್ಲ. 60 ಮಿಲಿಲೀಟರ್ ಮೆಸ್ಕಾಲ್, 30 ನಿಂಬೆರಸ, 20 ಕತ್ತಾಳೆ ಪಾಕ ಸೇರಿಸಿ. ಪಾಕ ಸಿಗದಿದ್ದರೆ ಬೆಲ್ಲದ ಪಾಕವೂ ನಡೆದೀತು, ನನ್ನ ನಾಲಗೆಗೆ ಅದೇ ಮೇಲು. ಐಸ್ ಹಾಕಿ ಶೇಕರ್ ಕೈಗೆ ತಣ್ಣಗೆ ಕೊರೆಯುವವರೆಗೆ ಕುಲುಕಿ, ಸೋಸಿ.

ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ಪೌರುಷ ಬೇಡ. ಖಾರದ ಸತ್ವ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಮದ್ಯದಲ್ಲಿ ಸಲೀಸಾಗಿ ಕರಗುತ್ತದೆ. ಬ್ಯಾಡಗಿ ಕಡೆಯ ಗೆಳೆಯನೊಬ್ಬ "ಮೆಣಸಿನಕಾಯಿ ನಮಗ ಹೊಸದೇನ್ರಿ?" ಎಂದು ತನ್ನ ಲೋಟಕ್ಕೆ ಹಬನೇರೊ ಕಿವುಚಿಕೊಂಡ. ಹಾಲಪೀನ್ಯೊದ ಖಾರ ಸ್ಕೋವಿಲ್ ಅಳತೆಯಲ್ಲಿ 2,500ರಿಂದ 8,000. ಹಬನೇರೊ 1,00,000ದಿಂದ ಶುರು. ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಹೇಳುವಷ್ಟರಲ್ಲಿ ಅವನ ಮುಖವೇ ಆ ಬಣ್ಣಕ್ಕೆ ತಿರುಗಿತ್ತು. ನೀರು ಕುಡಿದಷ್ಟೂ ಉರಿ ಜಾಸ್ತಿಯಾಯಿತು. ಅಮ್ಮ ಏನೂ ಕೇಳದೆ ಮೊಸರನ್ನ ಕಲಸಿ ತಂದಿಟ್ಟಳು. ಹಾಲು ಮೊಸರಿನ ಪ್ರೋಟೀನು ಖಾರವನ್ನು ಹಿಡಿದು ತೊಳೆಯುತ್ತದಂತೆ. ಅಮ್ಮನಿಗೆ ಪ್ರೋಟೀನಿನ ಸಮಾಚಾರ ಗೊತ್ತಿಲ್ಲ, ಫಲಿತಾಂಶ ಗೊತ್ತಿತ್ತು.

ಲೋಟದ ಅಂಚಿಗೆ ಉಪ್ಪು ಸವರುವುದೂ ಉಂಟು. ವಹಾಕಾದ ಖಾಸಾ ಉಪ್ಪೆಂದರೆ ಕತ್ತಾಳೆಯಲ್ಲಿ ಬೆಳೆಯುವ ಹುಳವನ್ನು ಒಣಗಿಸಿ, ಹುರಿದು, ಮೆಣಸಿನಕಾಯಿ ಜತೆ ಪುಡಿ ಮಾಡಿದ್ದು. ಅಲ್ಲಿನವರು ಅದನ್ನು ಕಿತ್ತಳೆ ಹೋಳಿನ ಮೇಲೆ ಉದುರಿಸಿ ನಂಜಿಕೊಂಡು, ಮೆಸ್ಕಾಲನ್ನು ಏನೂ ಬೆರೆಸದೆ ಗುಟುಕು ಗುಟುಕಾಗಿ ಹೀರುತ್ತಾರೆ. ರವೆಯಲ್ಲಿ ಒಂದು ಹುಳ ಕಂಡರೆ ಡಬ್ಬಿಯನ್ನೇ ಬಿಸಿಲಿಗೆ ಹರಡುವ ವಂಶದವನು ನಾನು. ನಮ್ಮನೆಯ ಲೋಟಕ್ಕೆ ಅಚ್ಚಖಾರದ ಪುಡಿ, ಉಪ್ಪು, ಅಷ್ಟೇ.

ಸಸ್ಯಾಹಾರಿ ಮಿತ್ರರಿಗೆ ಇನ್ನೊಂದು ಮಾತು. ಪೆಚೂಗಾ ಎಂಬ ಬಗೆಯ ಮೆಸ್ಕಾಲ್ ಇದೆ. ಹಬ್ಬ, ಮದುವೆಗೆಂದು ಅದನ್ನು ಇಳಿಸುವಾಗ ಹಣ್ಣು ಮಸಾಲೆಗಳ ಜತೆ ಹಸಿ ಕೋಳಿಯ ಎದೆಮಾಂಸವನ್ನು ಭಟ್ಟಿಯೊಳಗೆ ತೂಗುಹಾಕಿ, ಆವಿ ಅದನ್ನು ಸೋಕಿ ಬರುವಂತೆ ಮಾಡುತ್ತಾರೆ. ಇಳಿದದ್ದು ತಿಳಿಯಾಗಿಯೇ ಇರುತ್ತದೆ, ನೋಡಿದರೆ ಗುರುತು ಸಿಗುವುದಿಲ್ಲ. ಕೊಳ್ಳುವ ಮುಂಚೆ ಬಾಟಲಿಯ ಮೇಲಿನ ಚೀಟಿ ಓದಿ.