ಗಟ್ಟಿ ಲ್ಯಾಪ್‌ಟಾಪಿನ ಲಕ್ಷಣವಿಚಾರ: ತ್ರಿಪ್ಲಿಕೇನ್ ಪ್ರಕರಣ

ಕಚೇರಿಯ ನಿತ್ಯದ ಕೆಲಸಕ್ಕೆ ತಕ್ಕ ಗಟ್ಟಿ ಲ್ಯಾಪ್‌ಟಾಪು ಯಾವುದೆಂಬ ಪ್ರಶ್ನೆಯನ್ನು ಇದುವರೆಗೆ ಅಂಗಡಿಯವರೂ ಜಾಹೀರಾತಿನವರೂ ಮಾತ್ರ ವಿಚಾರಿಸಿರುವುದರಿಂದ ಅದಕ್ಕೆ ಶಾಸ್ತ್ರಸಮ್ಮತವಾದ ಲಕ್ಷಣನಿರೂಪಣೆ ದೊರೆತಿಲ್ಲ. ವಸ್ತುವೊಂದರ ಲಕ್ಷಣ ಹೇಳುವಾಗ ಮೂರು ದೋಷಗಳನ್ನು ಕಳೆಯಬೇಕೆಂಬುದು ತಾರ್ಕಿಕರ ಕಟ್ಟಳೆ: ಹೇಳಿದ ಲಕ್ಷಣ ವಸ್ತುವಿನ ಕೆಲವಕ್ಕೆ ಮಾತ್ರ ಹೊಂದಿದರೆ ಅವ್ಯಾಪ್ತಿ, ಬೇರೆ ವಸ್ತುಗಳಿಗೂ ಹೊಂದಿದರೆ ಅತಿವ್ಯಾಪ್ತಿ, ಯಾವುದಕ್ಕೂ ಹೊಂದದಿದ್ದರೆ ಅಸಂಭವ. 'ಮೇಜಿನಿಂದ ಬಿದ್ದರೂ ಕೆಡದಿರುವುದೇ ಗಟ್ಟಿ ಲ್ಯಾಪ್‌ಟಾಪು' ಎಂದರೆ ಆ ಲಕ್ಷಣ ಉಡುಪಿ ಹೋಟೆಲಿನ ಹಿತ್ತಿಲಲ್ಲಿ ಕೂತಿರುವ ರುಬ್ಬುವ ಕಲ್ಲಿಗೂ ಸಲ್ಲುವುದರಿಂದ ಅತಿವ್ಯಾಪ್ತಿ. 'ಕಪ್ಪು ಬಣ್ಣದ್ದು, ಮೂರು ಕಿಲೋ ತೂಗುವುದು' ಎಂದರೆ ಈಚಿನ ಒಂದೂವರೆ ಕಿಲೋದ ಬೂದು ಮಾದರಿಗಳು ಹೊರಗುಳಿಯುವುದರಿಂದ ಅವ್ಯಾಪ್ತಿ. 'ಡಬ್ಬದ ಮೇಲೆ ಬರೆದಷ್ಟು ಗಂಟೆ ಬ್ಯಾಟರಿ ನಿಲ್ಲುವುದು' ಎಂದರೆ ಶುದ್ಧ ಅಸಂಭವ. ಆದಕಾರಣ ಲಕ್ಷಣವನ್ನು ವಸ್ತುವಿನಲ್ಲಿ ಹುಡುಕದೆ ಅದು ಪಡುವ ಪಾಡಿನಲ್ಲಿ ಹುಡುಕಬೇಕೆಂಬುದು ಈ ಪ್ರಬಂಧದ ಪ್ರತಿಜ್ಞೆ. ತರ್ಕದಲ್ಲಿ ಪ್ರತಿಜ್ಞೆಯೆಂದರೆ ಸಾಧಿಸಿ ತೋರಿಸಬೇಕಾದ ಮಾತೇ ಹೊರತು ಹೊಸ ವರ್ಷದ ದಿನ ಮಾಡುವಂಥದ್ದಲ್ಲ.

ಪಾಡು ಪಡುವ ಕ್ಷೇತ್ರವಾಗಿ ಚೆನ್ನೈನ ತ್ರಿಪ್ಲಿಕೇನನ್ನು ಆರಿಸಿಕೊಳ್ಳಲು ಬಲವಾದ ಕಾರಣಗಳಿವೆ. ಪೂರ್ವಕ್ಕೆ ಮರೀನಾ ಕಡಲತೀರ, ನಡುವೆ ಪಾರ್ಥಸಾರಥಿಯ ದೇವಸ್ಥಾನ, 1795ರ ವಾಲಾಜಾ ಮಸೀದಿ, ಒಂಟಿ ಗಂಡಸರ 'ಮ್ಯಾನ್ಶನ್' ಎಂಬ ಅಡಕವಾದ ವಸತಿಗೃಹಗಳು, ಮಹಡಿಯ ಮೇಲೆ ಆಡಿಟರುಗಳ ಕಚೇರಿ, ಮಹಡಿಯ ಕೆಳಗೆ ಜೆರಾಕ್ಸ್ ಅಂಗಡಿ, ಇವೆಲ್ಲಕ್ಕೂ ಸಮಾನವಾಗಿ ಹಂಚಿಕೆಯಾಗುವ ಉಪ್ಪುಗಾಳಿ — ಯಂತ್ರವೊಂದರ ತಾಳ್ಮೆ ಪರೀಕ್ಷಿಸಲು ಇದಕ್ಕಿಂತ ಪ್ರಶಸ್ತವಾದ ಪ್ರಯೋಗಶಾಲೆಯನ್ನು ಕಾಸು ಕೊಟ್ಟು ಕಟ್ಟಿಸುವುದು ಕಷ್ಟ. ಕನ್ನಡಿಗರಿಗಂತೂ ಈ ಪ್ರದೇಶ ಪರಕೀಯವಲ್ಲ; ಪಕ್ಕದ ರಾಯಪೇಟೆಯಲ್ಲಿ ಉಡುಪಿಯ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು, ಮಗ್ಗುಲಿನ ಚೆಪಾಕಿನ ಮದ್ರಾಸು ವಿಶ್ವವಿದ್ಯಾನಿಲಯ ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರಿಂದ ಪರಿಷ್ಕಾರ ಮಾಡಿಸಿ ಸಂಪುಟ ಸಂಪುಟವಾಗಿ ಹೊರತಂದಿತು. ಆ ಸಂಪುಟಗಳನ್ನು ಒಂದರ ಮೇಲೊಂದು ಪೇರಿಸಿದರೆ ಲ್ಯಾಪ್‌ಟಾಪಿನ ಮುಚ್ಚಳ ಎಷ್ಟು ಭಾರ ತಡೆಯುತ್ತದೆಂಬ ಪರೀಕ್ಷೆಯೂ ನಡೆದುಹೋಗುತ್ತದೆ ಎಂಬುದು ಭಾಷಾಶಾಸ್ತ್ರ ಇದುವರೆಗೆ ಗಮನಿಸದ ಉಪಯೋಗ.

ಈ ಕ್ಷೇತ್ರದಲ್ಲಿ ತೊಡೆಯ ಮೇಲಿಟ್ಟು ಲೆಕ್ಕ ಮಾಡುವ ಸಾಧನದ ಚರಿತ್ರೆಯು ಇಂಟೆಲಿಗಿಂತ ಹಳೆಯದು. ಹನುಮಂತರಾಯನ್ ಕೋಯಿಲ್ ಬೀದಿಯಲ್ಲಿ ವಾಸವಿದ್ದ ಶ್ರೀನಿವಾಸ ರಾಮಾನುಜನ್ನರು ಕಾಗದ ದುಬಾರಿಯೆಂದು ಸ್ಲೇಟಿನ ಮೇಲೆ ಗಣಿತ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. 1912ರ ಮಾರ್ಚಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಮದ್ರಾಸು ಪೋರ್ಟ್ ಟ್ರಸ್ಟಿನ ಗುಮಾಸ್ತರಾದರು. ಆಧುನಿಕ ಪರಿಭಾಷೆಯಲ್ಲಿ ಹೇಳುವುದಾದರೆ ಆ ಸ್ಲೇಟಿಗೆ ಒಂದು ಪುಟದ ಮೆಮೊರಿ, ಮೊಣಕೈಯ ಡಿಲೀಟ್ ಕೀಲಿ, ನೋಟುಪುಸ್ತಕದ ಬ್ಯಾಕಪ್ ಇದ್ದವು, ಚಾರ್ಜರು ಬೇಕಿರಲಿಲ್ಲ. ಉಪ್ಪುಗಾಳಿಗೆ ಅದು ಜಗ್ಗುವುದಿಲ್ಲ, ಕಾಫಿ ಚೆಲ್ಲಿದರೆ ಒರೆಸಿದರಾಯಿತು. ಆದರೂ ಕೆಳಗೆ ಬಿದ್ದರೆ ಎರಡು ತುಂಡಾಗುವುದರಿಂದ ಇಂದಿನ ಯಾವ ಖರೀದಿ ಸಮಿತಿಯೂ ಅದನ್ನು ಗಟ್ಟಿ ವರ್ಗಕ್ಕೆ ಸೇರಿಸಲಾರದು, ಹಾಗೂ ರಾಮಾನುಜನ್ನರ ಕಡತ ತಾಂತ್ರಿಕ ಪರಿಶೀಲನೆಯ ಹಂತದಲ್ಲೇ ತಿರಸ್ಕೃತವಾಗುತ್ತಿತ್ತು.

ಇನ್ನು ಪ್ರಮಾಣಗಳು. ಪ್ರಮಾಣವೆಂದರೆ ನಿಶ್ಚಿತ ಜ್ಞಾನಕ್ಕೆ ಸಾಧನ. ಮಾರಾಟಗಾರರು ಮುಂದೊಡ್ಡುವುದು ಶಬ್ದಪ್ರಮಾಣವನ್ನು, ಅಂದರೆ ದೊಡ್ಡವರ ಮಾತನ್ನು. ಆ ದೊಡ್ಡವರು ಅಮೆರಿಕದ ಸೈನ್ಯದವರು, ಆ ಮಾತಿನ ಹೆಸರು ಮಿಲ್-ಎಸ್‌ಟಿಡಿ-810. 1962ರಲ್ಲಿ ಮೊದಲು ಹೊರಬಂದು 2019ರಲ್ಲಿ 'ಎಚ್' ಎಂಬ ಆವೃತ್ತಿಯಾಗಿ ಬೆಳೆದಿರುವ ಈ ಗ್ರಂಥ ಯಂತ್ರೋಪಕರಣಗಳನ್ನು ಕಾಯಿಸಿ, ಕುಲುಕಿ, ಧೂಳಿನಲ್ಲಿ ಹೊರಳಿಸಿ, ಶಿಲೀಂಧ್ರ ಬಿತ್ತಿ 28 ದಿನ ಕಾದು, ನೂರಕ್ಕೆ 5ರಷ್ಟು ಉಪ್ಪು ಕರಗಿದ ನೀರಿನ ಮಂಜನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಚಿ ಪರೀಕ್ಷಿಸುವ ವಿಧಿಗಳ ಸಂಹಿತೆ. ಬಂದೂಕು ಹಾರುವಾಗಿನ ಅದಿರಾಟಕ್ಕೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ತ್ರಿಪ್ಲಿಕೇನ್ ಹೈ ರೋಡಿನಲ್ಲಿ ಷೇರ್ ಆಟೋ ಹತ್ತಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಗುಮಾಸ್ತನ ವಿಷಯದಲ್ಲಿ ಈ ಅಧ್ಯಾಯ ಅಪ್ರಸ್ತುತವೆಂದು ಹೇಳಲು ಬರುವುದಿಲ್ಲ.

ಆದರೆ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಇಲ್ಲಿಯೇ ಜಾರುತ್ತದೆ. ಈ ಗ್ರಂಥದ ಪ್ರಕಾರ ಪಾಸಾಯಿತೆಂದು ಪ್ರಮಾಣಪತ್ರ ಕೊಡುವ ಪೀಠ ಯಾವುದೂ ಇಲ್ಲ. ಯಾವ ಪರೀಕ್ಷೆ ಮಾಡಬೇಕು, ಯಾವುದನ್ನು ಬಿಡಬೇಕೆಂಬುದನ್ನು ತಯಾರಕನೇ ಆರಿಸಿಕೊಳ್ಳಬಹುದು. ಬೀಳಿಸುವ ಪರೀಕ್ಷೆಯಲ್ಲಿ ವಸ್ತುವನ್ನು 122 ಸೆಂಟಿಮೀಟರ್ ಎತ್ತರದಿಂದ ಅಂಚು, ಮೂಲೆ, ಮಗ್ಗುಲು ಸೇರಿ 26 ಬಾರಿ ಕೆಡವಬೇಕೆಂದಿದೆ, ನಿಜ. ಆ 26 ಬೀಳುಗಳನ್ನು ಐದು ಯಂತ್ರಗಳ ನಡುವೆ ಹಂಚಬಹುದೆಂದೂ ಅದೇ ಗ್ರಂಥ ಅನುಮತಿಸುತ್ತದೆ. ಒಂದೇ ಕರ್ಮವನ್ನು ಐದು ದೇಹಗಳು ಪಾಲು ಹಾಕಿಕೊಂಡು ತೀರಿಸುವ ಈ ಸೌಲಭ್ಯ ಕಚೇರಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಇರುವುದು ಒಂದೇ ಲ್ಯಾಪ್‌ಟಾಪು. ಆದ್ದರಿಂದ 'ಸೇನಾಮಟ್ಟದ ಗಟ್ಟಿತನ' ಎಂದು ಬರೆದಿರುವಲ್ಲಿ ಯಾವ ಯಾವ ವಿಧಿ ನಡೆದಿದೆಯೆಂದು ಕೇಳಬೇಕು. ಮರೀನಾದ ಮಗ್ಗುಲಿನವನು ಉಪ್ಪುಮಂಜಿನ ಪರೀಕ್ಷೆ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಬೇಕು. ಚಾರ್ಜರಿನ ಪಿನ್ನು ಹಸಿರುಗಟ್ಟುವುದೂ ತಳದ ಸ್ಕ್ರೂಗಳ ತಲೆ ತುಕ್ಕು ಹಿಡಿದು ಸ್ಕ್ರೂಡ್ರೈವರಿಗೆ ಸಿಗದಾಗುವುದೂ ಇಲ್ಲಿ ಬಂದೂಕಿನ ಅದಿರಾಟಕ್ಕಿಂತ ಹೆಚ್ಚು ನಡೆಯುವ ಸಂಗತಿ.

ಶಬ್ದ ಸೋತಲ್ಲಿ ಪ್ರತ್ಯಕ್ಷ ಬರಬೇಕು. ಪ್ರತ್ಯಕ್ಷಗಳಲ್ಲಿ ಮುಖ್ಯವಾದುದು ಕಾಫಿ. ವ್ಯವಹಾರದ ಲ್ಯಾಪ್‌ಟಾಪುಗಳಲ್ಲಿ, ವಿಶೇಷವಾಗಿ ಐಬಿಎಂ 1992ರಲ್ಲಿ ಹುಟ್ಟಿಸಿ 2005ರಲ್ಲಿ ಲೆನೊವೊಗೆ ಬಿಟ್ಟುಕೊಟ್ಟ ಥಿಂಕ್‌ಪ್ಯಾಡಿನ ಅನೇಕ ಮಾದರಿಗಳಲ್ಲಿ, ಕೀಬೋರ್ಡಿನ ಮೇಲೆ ಬಿದ್ದ ದ್ರವವು ಒಳಗಿನ ಕಾಲುವೆಗಳಲ್ಲಿ ಹರಿದು ತಳದ ತೂತುಗಳಿಂದ ಹೊರಹೋಗುವ ಏರ್ಪಾಡು ಇರುತ್ತದೆ. (ಅದರ ಜಿ, ಎಚ್, ಬಿ ಕೀಲಿಗಳ ನಡುವಿನ ಕೆಂಪು ಗುಂಡಿಯನ್ನು ಶ್ರೀವೈಷ್ಣವರ ತೆಂಗಲೆ ನಾಮದ ನಡುಗೆರೆಯೆಂದು ವ್ಯಾಖ್ಯಾನಿಸುವುದು ಅತ್ಯುತ್ಸಾಹ, ಅದು ಮೌಸಿನ ಬದಲು ಬಳಸುವ ಕಡ್ಡಿ ಅಷ್ಟೆ.) ನೀರು ಹಾಗೆ ಹರಿದುಹೋಗುತ್ತದೆ. ದವರಾದಿಂದ ಲೋಟಕ್ಕೆ, ಲೋಟದಿಂದ ದವರಾಕ್ಕೆ ಎತ್ತರದಿಂದ ಹುಯ್ದು ನೊರೆ ಎಬ್ಬಿಸಿದ ಕಾಫಿ ಹಾಗಲ್ಲ. ಡಿಕಾಕ್ಷನ್ನು ತೂತಿನಿಂದ ಇಳಿದರೂ ಹಾಲು, ಸಕ್ಕರೆ ಹಿಂದುಳಿದು ಒಣಗಿ, ಮೂರನೆಯ ದಿನ ಎಂಟರ್ ಕೀಲಿ ಒತ್ತಿದರೆ ಕೆಳಗೇ ನಿಂತು, ಲೆಕ್ಕದ ಪಟ್ಟಿಯಲ್ಲಿ ಖಾಲಿ ಸಾಲುಗಳು ತಾವಾಗಿ ಇಳಿಯತೊಡಗುತ್ತವೆ. ಸಕ್ಕರೆ ಕಡಿಮೆ ಕುಡಿಯುವವರ ಯಂತ್ರ ಹೆಚ್ಚು ಬಾಳುತ್ತದೆ ಎಂಬ ಅನುಮಾನ ಇದರಿಂದ ಸಿದ್ಧಿಸುತ್ತದಾದರೂ ಖರೀದಿಯ ಷರತ್ತುಗಳಲ್ಲಿ ಅದನ್ನು ಸೇರಿಸುವ ಧೈರ್ಯವನ್ನು ಯಾವ ಕಚೇರಿಯೂ ತೋರಿಲ್ಲ. ತ್ರಿಪ್ಲಿಕೇನಿನಲ್ಲಿ 1948ರಿಂದ ನಡೆಯುತ್ತಿರುವ ರತ್ನಾ ಕೆಫೆಯಲ್ಲಿ ಇಡ್ಲಿ ಸಾಂಬಾರಿನಲ್ಲಿ ಮುಳುಗಿ ಬರುತ್ತದೆ. ಅದನ್ನು ಪೊಟ್ಟಣ ಕಟ್ಟಿಸಿ ಮೇಜಿಗೆ ತರಿಸುವವರ ವಿಷಯದಲ್ಲಿ ಶಾಸ್ತ್ರ ಮೌನ.

ಹೋಟೆಲಿನ ಗಲ್ಲಾದ ಮೇಲಿನ ಲ್ಯಾಪ್‌ಟಾಪಿಗೆ ಬೇರೆ ಸಂಕಟಗಳಿವೆ. ಬಿಲ್ಲು ಕೊಟ್ಟು ಹೊರಡುವವರು ತಟ್ಟೆಯಿಂದ ಚಿಟಿಕೆ ಸೋಂಪು ಎತ್ತಿಕೊಳ್ಳುವಾಗ ಉದುರಿದ ಎರಡು ಕಾಳು ಸ್ಪೇಸ್‌ಬಾರಿನ ಕೆಳಗೆ ಸೇರಿದರೆ ಪದಗಳೆಲ್ಲ ಸಂಧಿಯಾಗಿ ಅಂಟಿಕೊಳ್ಳುತ್ತವೆ. ಆಯುಧಪೂಜೆಯ ದಿನ ಮುಚ್ಚಳಕ್ಕೆ ಕುಂಕುಮ, ಗಾಳಿ ಹೊರಬರುವ ಕಿಂಡಿಗೆ ಹೂವು, ಮೇಲ್ಗಡೆಯ ಕ್ಯಾಮೆರಾದ ಕಣ್ಣಿಗೆ ಸರಿಯಾಗಿ ಗಂಧ ಬೀಳುತ್ತದೆ. ಮರುದಿನದ ವಿಡಿಯೊ ಸಭೆಯಲ್ಲಿ ಮಾಲೀಕರು ಮುಂಜಾವಿನ ಮಂಜಿನೊಳಗಿಂದ ಮಾತನಾಡಿದಂತೆ ಕಾಣುತ್ತಾರೆ. ಸೇನೆಯ ಗ್ರಂಥದಲ್ಲಿ ಮರಳಿಗೂ ಧೂಳಿಗೂ ವಿಧಿಯುಂಟು, ಗಂಧಕ್ಕಿಲ್ಲ. ಲೆಕ್ಕಪತ್ರದವರಿಗೆ ಇನ್ನೊಂದು ಗಮನಿಸತಕ್ಕ ಅಂಶ: ಬೆಂಗಳೂರಿನಲ್ಲಿ 1986ರಿಂದ ಬೆಳೆದ ಟ್ಯಾಲಿಯಂಥ ತಂತ್ರಾಂಶದಲ್ಲಿ ದಿನವಿಡೀ ಅಂಕಿ ಒತ್ತುವವನಿಗೆ ಬಲಗಡೆ ಪ್ರತ್ಯೇಕ ಅಂಕಿಗಳ ಗುಂಪು ಬೇಕು, ಅದು ಸಾಮಾನ್ಯವಾಗಿ 15.6 ಇಂಚಿನದರಲ್ಲಿ ಇರುತ್ತದೆ, 14 ಇಂಚಿನದರಲ್ಲಿ ಇರುವುದಿಲ್ಲ. ಜಿಎಸ್‌ಟಿ ಅರ್ಜಿಗೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್ ಮಗ್ಗುಲಿನಿಂದ ಹೆಬ್ಬೆರಳಿನಷ್ಟು ಹೊರಚಾಚಿರುವುದರಿಂದ, ಕಡತ ಎಳೆಯುವ ಕೈ ಅದಕ್ಕೆ ತಗುಲಿ ತೂತು ಸಡಿಲವಾಗುತ್ತದೆ. ಯಂತ್ರದ ಎರಡೂ ಮಗ್ಗುಲಲ್ಲಿ ಯುಎಸ್‌ಬಿ ಇರಬೇಕೆಂಬ ಬೇಡಿಕೆಗೆ ಇದೇ ಕಾರಣ.

ವಾರಂಟಿಯ ವಿಚಾರ ಬಂದಾಗ ತ್ರಿಪ್ಲಿಕೇನಿನ ಸ್ಥಳಮಹಿಮೆ ನೆರವಿಗೆ ಬರುತ್ತದೆ. ಶ್ರೀವೈಷ್ಣವರಲ್ಲಿ ಜೀವನು ದೇವರನ್ನು ಸೇರುವ ಬಗೆಯ ಬಗ್ಗೆ ಎರಡು ನ್ಯಾಯಗಳುಂಟು. ಮರಿಕೋತಿಯು ತಾನೇ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಂತೆ ಭಕ್ತನ ಪ್ರಯತ್ನವೂ ಬೇಕೆಂಬುದು ವಡಗಲೆಯವರ ಮರ್ಕಟಕಿಶೋರ ನ್ಯಾಯ; ಬೆಕ್ಕು ತಾನೇ ಬಂದು ಮರಿಯ ಕುತ್ತಿಗೆ ಕಚ್ಚಿ ಒಯ್ಯುವಂತೆ ದೇವರೇ ಎತ್ತಿಕೊಳ್ಳುತ್ತಾನೆ, ಶರಣಾಗತಿಯೊಂದು ಸಾಕೆಂಬುದು ತೆಂಗಲೆಯವರ ಮಾರ್ಜಾಲಕಿಶೋರ ನ್ಯಾಯ. ಗ್ರಾಹಕನೇ ಯಂತ್ರವನ್ನು ಎದೆಗವಚಿಕೊಂಡು ಸರ್ವಿಸ್ ಸೆಂಟರಿಗೆ ಹೋಗಿ, ಟೋಕನ್ ಪಡೆದು, ಕುರ್ಚಿ ಸಿಗದೆ ನಿಲ್ಲುವ 'ಕ್ಯಾರಿ-ಇನ್' ವಾರಂಟಿ ಮರ್ಕಟಪಕ್ಷ; ದೂರವಾಣಿಯಲ್ಲಿ ದೂರಿನ ಸಂಖ್ಯೆಯೆಂಬ ಮಂತ್ರವನ್ನು ಪಡೆದು ಸುಮ್ಮನೆ ಕೂತರೆ ಎಂಜಿನಿಯರನೇ ಬಂದು ಬೋರ್ಡು ಬದಲಿಸುವ 'ಆನ್-ಸೈಟ್' ವಾರಂಟಿ ಮಾರ್ಜಾಲಪಕ್ಷ. ಪಾರ್ಥಸಾರಥಿ ದೇವಸ್ಥಾನ ತೆಂಗಲೆ ಸಂಪ್ರದಾಯದ್ದು. ವ್ಯವಹಾರದ ಲ್ಯಾಪ್‌ಟಾಪುಗಳೂ ಹೆಚ್ಚಾಗಿ ಆನ್-ಸೈಟ್ ವಾರಂಟಿಯವು, ಮನೆಬಳಕೆಯವು ಹೆಚ್ಚಾಗಿ ಹೊತ್ತೊಯ್ಯುವಂಥವು. ಕಚೇರಿಗೆ ಮಾರ್ಜಾಲಪಕ್ಷವೇ ಹಿತ. ಕಾಫಿ ಚೆಲ್ಲಿದ ಪಾಪಕ್ಕೆ ಮಾತ್ರ ಎರಡೂ ಪಕ್ಷಗಳಲ್ಲಿ ಕ್ಷಮೆಯಿಲ್ಲ. ಅದಕ್ಕೆ ಆಕಸ್ಮಿಕ ಹಾನಿಯ ರಕ್ಷಣೆಯೆಂದು ಬೇರೆ ಹಣ ಕಟ್ಟಬೇಕು.

ಇಷ್ಟಾದ ಮೇಲೂ ಉಳಿಯುವ ತೊಡಕು ವೇದಾಂತದ್ದು. ಯಾವ ಪಾರ್ಥಸಾರಥಿಯ ಬೀದಿಯಲ್ಲಿ ಈ ಕಚೇರಿಗಳಿವೆಯೋ ಅವನ ಉಪದೇಶದಂತೆ ದೇಹ ನಶಿಸುತ್ತದೆ, ಆತ್ಮ ಉಳಿಯುತ್ತದೆ; ಲ್ಯಾಪ್‌ಟಾಪಿನಲ್ಲಿ ಇದು ತಿರುವುಮುರುವು. ಮೆಗ್ನೀಷಿಯಂ ಮಿಶ್ರಲೋಹದ ದೇಹ ಚೆನ್ನಾಗಿಯೇ ಇರುತ್ತದೆ, ಆತ್ಮವನ್ನು ಮೈಕ್ರೋಸಾಫ್ಟಿನವರು ಹಿಂದಕ್ಕೆ ಪಡೆಯುತ್ತಾರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಿದ್ದರೆ ಟಿಪಿಎಂ 2.0 ಎಂಬ, ಗುಟ್ಟಿನ ಕೀಲಿಗಳನ್ನು ಕಾಯುವ ಭದ್ರತಾ ಘಟಕವೂ, ಇಂಟೆಲಾದರೆ ಕೆಲವು ಅಪವಾದ ಬಿಟ್ಟು 8ನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರೂ ಬೇಕು. ಬೀಳಿಸಿದರೂ ಬದುಕಿದ, ಕಾಫಿಯನ್ನೂ ಗಂಧವನ್ನೂ ಜೀರ್ಣಿಸಿಕೊಂಡ 7ನೆಯ ಪೀಳಿಗೆಯ ಯಂತ್ರ ಹೀಗೆ ಒಂದು ಮಂಗಳವಾರ ಕಚೇರಿಯ ದೃಷ್ಟಿಯಲ್ಲಿ ಮುದಿಯಾಯಿತು. ಲಿನಕ್ಸ್ ಹಾಕಿ ಪುನರ್ಜನ್ಮ ಕೊಡಬಹುದೆಂಬ ವಾದವಿದೆ, ಅದು ಸಾಧುವೂ ಹೌದು. ಆದರೆ ಟ್ಯಾಲಿಗೂ ಸಹಿಯ ಟೋಕನ್ನಿಗೂ ಅಲ್ಲಿ ಸುಲಭದ ದಾರಿಯಿಲ್ಲದ್ದರಿಂದ ಆಡಿಟರು ಒಪ್ಪುವುದಿಲ್ಲ.

ಆದ್ದರಿಂದ ಸಿದ್ಧಾಂತ ಹೀಗೆ: ಬಿಡಿಭಾಗಗಳು ನಡೆದು ಹೋಗುವಷ್ಟು ದೂರದಲ್ಲಿ ಸಿಗುವ, ಬ್ಯಾಟರಿಯನ್ನು ಒಂದು ಸ್ಕ್ರೂಡ್ರೈವರಿನಿಂದ ಬದಲಿಸಬಹುದಾದ, ಹೊಸ ವಿಂಡೋಸನ್ನು ಒಪ್ಪುವ, 16 ಜಿಬಿ ಮೆಮೊರಿಯ ವ್ಯವಹಾರದ ಲ್ಯಾಪ್‌ಟಾಪೇ ತ್ರಿಪ್ಲಿಕೇನಿನಲ್ಲಿ ಗಟ್ಟಿ ಲ್ಯಾಪ್‌ಟಾಪು. ಮೌಂಟ್ ರೋಡಿನ ಆಚೆಯ ರಿಚ್ಚಿ ಸ್ಟ್ರೀಟಿನಲ್ಲಿ, ದೊಡ್ಡ ಕಂಪನಿಗಳು ಲೀಸು ಮುಗಿದು ಬಿಟ್ಟುಕೊಟ್ಟ ಅಂಥ ಯಂತ್ರಗಳು ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತವೆ. ಮುಚ್ಚಳದ ಮೇಲಿನ ಗೀರುಗಳಿಗೆ ಹಿಂಜರಿಯಬೇಕಿಲ್ಲ; ಭೀಷ್ಮನ ಬಾಣದ ಗುರುತುಗಳು ಇಲ್ಲಿಯ ಉತ್ಸವಮೂರ್ತಿಯ ಮುಖದ ಮೇಲೂ ಇವೆಯೆಂದು ಭಕ್ತರು ತೋರಿಸುತ್ತಾರೆ. ನೋಡಬೇಕಾದದ್ದು ಕೀಲು: ಮುಚ್ಚಳವನ್ನು ಒಂದೇ ಕೈಯಲ್ಲಿ ತೆರೆದು, ಅರ್ಧದಲ್ಲಿ ಬಿಟ್ಟಾಗ ಅಲ್ಲೇ ನಿಲ್ಲಬೇಕು. ಹಳೆಯ ಕಂಪನಿ ಹಾಕಿದ ಬಯೋಸ್ ಪಾಸ್‌ವರ್ಡ್ ಉಳಿದಿದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಬೇಕು, ಪ್ರತಿಯೊಂದು ಕೀಲಿಯಲ್ಲೂ ಒಂದು ಸಲ ಟೈಪ್ ಮಾಡಬೇಕು, ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿಕೊಳ್ಳಬೇಕು. ಭಾನುವಾರ ಹೋಗಬಾರದು, ಆ ಬೀದಿಯ ಬಹುಪಾಲು ಅಂಗಡಿಗಳಿಗೆ ಅಂದು ರಜೆ.