ಪಾಳಿ ಇಲ್ಲದ ಕಾಲುವೆ

ಅರಭಾವಿಯವರಿಗೆ ನೀರಿನ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಗೆ ಸಾಮಾನ್ಯವಾಗಿ ಜುಲೈ ನಡುವಿಗೆ ನೀರು ಬಂದರೆ ಮಾರ್ಚ್ ನಡುವಿನ ತನಕ ಹರಿಯುತ್ತದೆ, ಆಮೇಲೆ ಬಂದ್. ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ನಮ್ಮ ಮನೆಯೊಳಗಿನ ಕಾಲುವೆಗೆ ಮಾತ್ರ ಪಾಳಿಯೂ ಇಲ್ಲ, ಬಂದೂ ಇಲ್ಲ. ಅದರ ಉಗಮಸ್ಥಾನ ಸರದಾರ ಎಂಬ ನಮ್ಮ ಮುದಿ ನಾಯಿ.

ನಿಮ್ಮ ಮನೆಯಲ್ಲಿ ನಾಯಿ ಇರಲಿಕ್ಕಿಲ್ಲ. ಆದರೆ ಸೋರುವ ನಲ್ಲಿ ಇರುತ್ತದೆ, ಜಿನುಗುವ ಟಾಕಿ ಇರುತ್ತದೆ, ನೆಲ ಒರೆಸುವ ಅರಿವೆ ಕೊನೆಗೆ ಯಾರ ಕೈಗೆ ಬರುತ್ತದೆ ಎಂಬುದೂ ನಿಮಗೆ ಗೊತ್ತಿರುತ್ತದೆ.

ಸರದಾರ ಮುಧೋಳ ತಳಿ ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನು. ಮುಧೋಳ ನಾಯಿಯ ಚಿತ್ರವಿರುವ ಅಂಚೆ ಚೀಟಿ 2005ರಲ್ಲಿ ಬಂದಾಗ ಅದನ್ನು ತಂದು ಗಾಜು ಹಾಕಿಸಿ ಇಟ್ಟಿದ್ದೆ. ಮುಂದೆ ನಾಯಿ ತಂದಮೇಲೆ ಸರದಾರನನ್ನು ಅದರ ಕೆಳಗೆ ಕೂರಿಸಿ ಬಂದವರಿಗೆಲ್ಲ ತೋರಿಸುತ್ತಿದ್ದೆ. ಈ ತಳಿ ಸೈನ್ಯಕ್ಕೂ ಹೋದ ಸುದ್ದಿ ಪೇಪರಿನಲ್ಲಿ ಬಂದ ದಿನ ನಾನು ಎದೆ ಉಬ್ಬಿಸಿ ನಡೆದದ್ದಕ್ಕೆ ಅಂಗಿಯ ಗುಂಡಿಯೊಂದು ಹೋಯಿತು. ಚಿತ್ರದ ನಾಯಿಗೆ ಉದ್ದ ಮೋರೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ. ಸರದಾರನಿಗೆ ಸುರುಳಿ ಬಾಲ, ಮದುವೆ ಊಟ ಮುಗಿಸಿದ ಹೊಟ್ಟೆ. ಬಂದವರು ಒಮ್ಮೆ ಚೀಟಿ ನೋಡಿ, ಒಮ್ಮೆ ನಾಯಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ಸಭ್ಯ ಊರು.

ಇಂಥ ಸರದಾರ ಮುಪ್ಪಿನಲ್ಲಿ ಒಮ್ಮೆಲೇ ಉಚ್ಚೆ ಹೊಯ್ಯಲು ಶುರು ಮಾಡಿದ. ಮೊದಲು ಬಾಗಿಲ ಮೂಲೆ. ಆಮೇಲೆ ಷೋಕೇಸಿನ ಕೆಳಗಿನ ಖಾನೆ. ಅಲ್ಲಿದ್ದ ಗೋಕಾಕದ ಕಟ್ಟಿಗೆಯ ಬಾಳೆಹಣ್ಣು ಬಣ್ಣ ಬಿಟ್ಟು ಬೆತ್ತಲೆಯಾಯಿತು. ಕೊನೆಗೆ ನಾನು ನಿವೃತ್ತನಾದಾಗ ಶಾಲೆಯವರು ಹೊದಿಸಿದ ಶಾಲಿನ ಮೇಲೂ ಆಯಿತು. ಮನೆಯಲ್ಲಿ ಅಷ್ಟು ಹಳೇ ಗೋಣಿಚೀಲಗಳಿರುವಾಗ ಅವನು ಸನ್ಮಾನದ ಶಾಲನ್ನೇ ಹುಡುಕಿಕೊಂಡು ಹೋದದ್ದು ನನ್ನ ಮೂವತ್ತು ವರ್ಷದ ಸೇವೆಯ ಬಗ್ಗೆ ಅವನಿಗಿದ್ದ ಅಭಿಪ್ರಾಯ ಎಂದೇ ನಾನು ತಿಳಿದಿದ್ದೇನೆ.

ರಾತ್ರಿ ಕತ್ತಲಲ್ಲಿ ನಾನು ಬಚ್ಚಲಿಗೆ ಎದ್ದರೆ ಹೆಂಡತಿ ಗಾಬರಿಯಿಂದ, “ಯಾರು? ಸರದಾರನಾ?” ಎನ್ನುತ್ತಾಳೆ.

“ಅಲ್ಲ, ನಾನು.”

“ನೀವೇನ್ರಿ? ನಾ ಸರದಾರ ಅಂತ ಅಂಜಿದ್ದೆ,” ಎಂದು ಮಗ್ಗುಲಾಗುತ್ತಾಳೆ.

ಇನ್ನು ಮನೆಯ ಹೈಕಮಾಂಡಿನ ವಿಷಯ. ನಾನು ಸ್ವಂತ ಅಕ್ಕನ ಮಗಳನ್ನು ಲಗ್ನವಾದವನು. ಹಾಗಾಗಿ ನನಗೆ ಅಕ್ಕನೂ ಅತ್ತೆಯೂ ಒಬ್ಬಳೇ. ಬೇರೆ ಅಳಿಯಂದಿರಿಗೆ ಅತ್ತೆಯ ಮನೆಯಲ್ಲಿ ನಾಲ್ಕು ದಿನದ ಮರ್ಯಾದೆಯಾದರೂ ಸಿಗುತ್ತದೆ. ಚಡ್ಡಿ ಹಾಕಲು ಕಲಿಸಿದವಳೇ ಅತ್ತೆಯಾದರೆ ಎಲ್ಲಿಯ ಮರ್ಯಾದೆ? ಅವಳಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅವಳು ಸರದಾರನನ್ನು ಒಂದು ದಿನ ನೋಡಿದಳು. ಅವನು ಬಕೆಟ್ಟಿನ ತಳ ನೆಕ್ಕುವುದನ್ನೂ ನೋಡಿದಳು. “ತಮ್ಮಾ, ಇದಕ್ಕ ನನ್ನಂಗ ಸಕ್ಕರಿ ಆಗೇತಿ,” ಎಂದಳು.

“ನಾಯಿಗೆಲ್ಲಿ ಸಕ್ಕರಿ ಬರ್ತೈತಿ ಅಕ್ಕಾ,” ಎಂದು ನಾನು ನಕ್ಕೆ. ಆ ನಗುವಿನ ಬಡ್ಡಿಯನ್ನು ಈಗಲೂ ಕಟ್ಟುತ್ತಿದ್ದೇನೆ.

ಹೆಂಡತಿಯದು ನೇರ ಉಪಾಯ: ಸಂಜೆಯಿಂದ ನೀರಿಡುವುದೇ ಬೇಡ. ಸರದಾರ ಎಮ್ಮೆಯ ಬಾನಿಗೆ ಹೋಗಿ ಕುಡಿದು ಬಂದ. ದನದ ಡಾಕ್ಟರರಿಗೆ ಈ ವಿಷಯ ಹೇಳಿದಾಗ ಅವರು ನಾಯಿಯನ್ನು ಬಿಟ್ಟು ನನ್ನನ್ನೇ ಬೈದರು. ಅದು ಕುಡಿಯುತ್ತದೆ ಎಂದು ಹೊಯ್ಯುತ್ತಿಲ್ಲ, ಹೊಯ್ಯುತ್ತದೆ ಎಂದು ಕುಡಿಯುತ್ತಿದೆ. ನೀರು ತಪ್ಪಿಸಿದರೆ ಒಣಗಿ ಸಾಯುತ್ತದೆ ಎಂದರು. ಆಮೇಲೆ ಕೇಳಿದರು: “ಮಾಸ್ತರ, ಹೆಚ್ಚು ಸಲ ಹೊಯ್ತೈತೋ, ಹೆಚ್ಚು ಹೊಯ್ತೈತೋ?”

“ಎರಡೂ ಒಂದ ಅಲ್ರಿ ಸರ?”

ಅಲ್ಲವಂತೆ. ಗಳಿಗೆಗೊಮ್ಮೆ ಕಾಲೆತ್ತಿ ನಾಲ್ಕೇ ಹನಿ ಬಿಟ್ಟರೆ ಮೂತ್ರಕೋಶದಲ್ಲಿ ಸೋಂಕೋ ಹರಳೋ ಇರಬಹುದು, ಗಂಡು ನಾಯಿಯಾದರೆ ಪ್ರಾಸ್ಟೇಟ್ ಗ್ರಂಥಿ ಊದಿರಬಹುದು. ಮಲಗಿದಲ್ಲೇ ತಿಳಿಯದೆ ಸೋರಿದರೆ ಬಿಗಿ ಹಿಡಿಯುವ ಸ್ನಾಯು ಸಡಿಲಾಗಿರಬಹುದು. ಮೊಣಕಾಲು ನೋವಿನಿಂದ ಅಂಗಳದ ತನಕ ಹೋಗಲಾರದೆ ಒಳಗೇ ಮುಗಿಸುವ ಮುದಿ ನಾಯಿಗಳೂ ಉಂಟು. ಹೊಯ್ಯುವುದೂ ಬಹಳ, ಕುಡಿಯುವುದೂ ಬಹಳ ಆದರೆ ಅದು ಬೇರೆ ಖಾತೆ. ಸಕ್ಕರೆ ಕಾಯಿಲೆ ಇರಬಹುದು, ಯಕೃತ್ತು ಕೆಟ್ಟಿರಬಹುದು, ಅಡ್ರಿನಲ್ ಗ್ರಂಥಿ ಹದ ಮೀರಿ ದುಡಿಯುವ ಕುಶಿಂಗ್ ಕಾಯಿಲೆ ಇರಬಹುದು. ತುರಿಕೆಗೆಂದು ನುಂಗಿಸಿದ ಸ್ಟೆರಾಯ್ಡ್ ಗುಳಿಗೆಯೂ ಇದೇ ಆಟ ಆಡಿಸುತ್ತದೆ. ಮೂತ್ರಪಿಂಡವಂತೂ ಮೂರರಲ್ಲಿ ಎರಡು ಪಾಲು ಕೆಡುವ ತನಕ ಸುಮ್ಮನಿದ್ದು, ಆಮೇಲೆ ನೀರಿನಷ್ಟು ತೆಳ್ಳಗಿನ ಮೂತ್ರ ಬಿಡತೊಡಗುತ್ತದೆ. ಶಸ್ತ್ರಚಿಕಿತ್ಸೆಯಾಗದ ಹೆಣ್ಣು ನಾಯಿ ಬೆದೆ ಕಳೆದು ಕೆಲವು ವಾರಕ್ಕೆ ಹೀಗೆ ಮಾಡಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಆಗ ನಾಳೆ ಎನ್ನದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಡಾಕ್ಟರು ಒಂದೊಂದೇ ಹೇಳುತ್ತ ಹೋದಂತೆ ನಾನು ಒಳಗೊಳಗೇ ನನಗೂ ಟಿಕ್ ಹಾಕಿಕೊಳ್ಳುತ್ತಿದ್ದೆ. ಗರ್ಭಕೋಶ ಒಂದನ್ನು ಬಿಟ್ಟು ಎಲ್ಲವೂ ಹೊಂದಿದವು. “ಮುಧೋಳ ತಳಿಗೆ ಇದು ಹೆಚ್ಚೇನ್ರಿ?” ಎಂದು ಗತ್ತಿನಿಂದ ಕೇಳಿದೆ. ಅವರು ಸರದಾರನ ಬಾಲವನ್ನು ನೋಡಿ, “ಮುಧೋಳ? ತಾಯಿ ಕಡಿಂದ ಏನರೆ ಇರಬಹುದು ಬಿಡ್ರಿ,” ಎಂದರು. ಕಂಪೌಂಡರ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

ಮನೆಗೆ ಹೋಗಿ ನೀರು ಅಳೆಯಲು ಹೇಳಿದರು. ಆರೋಗ್ಯದ ನಾಯಿ ದಿನಕ್ಕೆ ಕಿಲೋ ತೂಕಕ್ಕೆ 50–60 ಮಿಲಿಲೀಟರ್ ಕುಡಿಯುತ್ತದಂತೆ, 100 ದಾಟಿದರೆ ಏನೋ ಇದೆ ಎಂದೇ ಅರ್ಥ. ಸರದಾರನ ತೂಕ 24 ಕಿಲೋ. ಗಣಿತದ ಮಾಸ್ತರನಿಗೆ ಇದೆಂಥ ಲೆಕ್ಕ? ಬಕೆಟ್ಟಿಗೆ ಹತ್ತು ಲೀಟರ್ ಅಳೆದು ಸುರಿದು, ಗೋಡೆಯ ಮೇಲೆ ಸುಣ್ಣದಿಂದ ಬರೆದಿಟ್ಟೆ. ಮರುದಿನ ನೋಡಿದರೆ ಒಂದೇ ಲೀಟರ್ ಉಳಿದಿತ್ತು. ಫೋನಿನಲ್ಲಿ ಡಾಕ್ಟರರಿಗೆ “ಒಂಬತ್ತು ಲೀಟರ್” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. “ಮಾಸ್ತರ, ನೀವು ನಾಯಿದು ಹೇಳಾಕತ್ತೀರೋ, ಎಮ್ಮಿದು ಹೇಳಾಕತ್ತೀರೋ?”

ವಿಚಾರಿಸಿದರೆ ಹೆಂಡತಿ ಅದೇ ಬಕೆಟ್ಟಿನಿಂದ ತುಳಸಿಗೆ ಹಾಕಿದ್ದಳು, ಅಂಗಳಕ್ಕೆ ಹೊಡೆದಿದ್ದಳು, ಅಕ್ಕ ಕಾಲು ತೊಳೆದಿದ್ದಳು. “ಗ್ವಾಡಿ ಮ್ಯಾಲೆ ಬರದಿದ್ನಲ್ಲ!” ಎಂದೆ. “ಗ್ವಾಡಿ ಹೊಲಸು ಮಾಡಿದವ್ರು ನೀವಾ ಏನ್ರಿ?” ಎಂದಳು. ಅಲ್ಲಿಗೆ ವಿಚಾರಣೆ ನನ್ನದೇ ಶುರುವಾಯಿತು.

ಇಷ್ಟೆಲ್ಲ ಏನೂ ಅಲ್ಲ; ಮುಂದಿನದು ಮುಂಜಾನೆಯ ಮೊದಲ ಉಚ್ಚೆ ಹಿಡಿಯುವ ಕೆಲಸ. ಹಿಡಿಕೆ ಉದ್ದವಿರುವ ಸೌಟು ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಹೆಂಡತಿ ಏಳುವ ಮೊದಲೇ ಸಾರಿನ ಸೌಟು ಕದ್ದು ಸರದಾರನ ಬೆನ್ನು ಹತ್ತಿದೆ. ಕಂಬ ಬಂತು, ಅವನು ಕಾಲೆತ್ತಿದ, ನಾನು ಬಗ್ಗಿ ಸೌಟು ಚಾಚಿದೆ. ಅವನು ಸೌಟು ನೋಡಿದ, ನನ್ನನ್ನು ನೋಡಿದ, ಕಾಲು ಇಳಿಸಿದ. ಷೋಕೇಸು, ಶಾಲು ಯಾವುದಕ್ಕೂ ನಾಚದವನಿಗೆ ಆಗ ನಾಚಿಕೆ! ಮುಂದಿನ ಕಂಬದಲ್ಲೂ ಅದೇ. ತೋಟಗಾರಿಕೆ ಕಾಲೇಜಿನ ಹುಡುಗರು ವಾಕಿಂಗ್ ಬಂದವರು ನಿಂತು, “ನಮಸ್ಕಾರ ಸರ್, ಏನ್ ಮಾಡಾಕತ್ತೀರಿ?” ಎಂದರು. ನಡು ಬಗ್ಗಿಸಿ, ನಾಯಿಯ ಹೊಟ್ಟೆಯ ಕೆಳಗೆ ಸಾರಿನ ಸೌಟು ಹಿಡಿದು ನಿಂತ ಮನುಷ್ಯ ಕೊಡಬಹುದಾದ ಗಂಭೀರ ಉತ್ತರ ಯಾವುದಿದೆ? “ಸ್ಯಾಂಪಲ್,” ಎಂದೆ. ಅವರು ಮಣ್ಣಿನ ಸ್ಯಾಂಪಲ್ ಕಂಡವರು, ಗೌರವದಿಂದ ತಲೆಯಾಡಿಸಿದರು. ಅದೇ ಹೊತ್ತಿಗೆ ಸರದಾರ ಬಿಟ್ಟ. ಅರ್ಧ ಸೌಟಿಗೆ, ಅರ್ಧ ನನ್ನ ಧೋತ್ರಕ್ಕೆ.

ತುಂಬಲು ಅಕ್ಕ ಒಂದು ಬಾಟಲಿ ಕೊಟ್ಟಳು. ಮುಚ್ಚಳ ಬಿಚ್ಚಿದರೆ ಗುಲ್ಕಂದದ ವಾಸನೆ. ಮನೆಯಲ್ಲಿ ಸಕ್ಕರೆಯವಳು ಅವಳು, ಗುಲ್ಕಂದ ತಿಂದವರು ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. “ತೊಳದೇನಿ, ಒಯ್ಯಿ,” ಎಂದಳು. ಡಾಕ್ಟರು ಪಟ್ಟಿ ಅದ್ದಿದರೆ ಬಣ್ಣ ಗಾಢವಾಗಿ ತಿರುಗಿತು, ಬಾಟಲಿ ಮೂಸಿ ನೋಡಿದರೆ ಅವರ ಮೋರೆಯೂ ತಿರುಗಿತು. ಸೌಟಿನ ಸೇವೆ ವ್ಯರ್ಥ. ರಕ್ತ ತೆಗೆದು ನೋಡಿದರು. ಗುಲ್ಕಂದದ ಹಂಗಿಲ್ಲದೆಯೇ ಸಕ್ಕರೆ ಇತ್ತು, ಬೇಕಾದಷ್ಟಿತ್ತು. ಮೂತ್ರಪಿಂಡ ಸದ್ಯಕ್ಕೆ ನೆಟ್ಟಗಿತ್ತು.

ಮನೆಗೆ ಬಂದು ಹೇಳಿದಾಗ ಅಕ್ಕನ ಮುಖದಲ್ಲಿ ಕಂಡ ತೃಪ್ತಿ ಅವಳ ಮಗಳ ಲಗ್ನದ ದಿನವೂ ಕಂಡಿರಲಿಲ್ಲ. ವರ ನಾನಿದ್ದೆ, ಹೋಗಲಿ. “ನಾ ಹೇಳಿದ್ನಿಲ್ಲ?” ಎಂದು ಸರದಾರನ ತಲೆ ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, “ಇನ್ನ ಮ್ಯಾಲೆ ಅದಕ್ಕ ಕರದಂಟು ಹಾಕಿದಿ ಅಂದ್ರ ನೋಡ ಮತ್ತ,” ಎಂದಳು. ಕರದಂಟು ಹಾಕುತ್ತಿದ್ದವಳು ತಾನೇ! ಬೆಲ್ಲವಷ್ಟೇ ಅಲ್ಲ, ಕೆಲವು ಕರದಂಟಿನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೇ ವಿಷವೆಂದು ಡಾಕ್ಟರು ಹೇಳಿದ್ದನ್ನು ಅವಳಿಗೆ ತಿಳಿಸಲು ಹೊರಟೆ. ಅವಳು ಆಗಲೇ ಅದನ್ನು ನನಗೆ ತಿಳಿಸುತ್ತಿದ್ದಳು.

ನಾಯಿಗೆ ಈ ಕಾಯಿಲೆ ಬಂದರೆ ಗುಳಿಗೆಯಲ್ಲಿ ಮುಗಿಯುವುದಿಲ್ಲ, ಇನ್ಸುಲಿನ್ನೇ ಬೇಕು. ಹನ್ನೆರಡು ತಾಸಿಗೊಮ್ಮೆ, ಊಟದ ಜೊತೆ. ಮೊದಲ ದಿನ ಕುತ್ತಿಗೆಯ ಹಿಂದಿನ ಚರ್ಮ ಎತ್ತಿ ಹಿಡಿದು, ದೇವರ ನೆನೆದು ಚುಚ್ಚಿದೆ. ಸೂಜಿ ಈ ಕಡೆ ಹೊಕ್ಕು ಆ ಕಡೆ ಹೊರಬಿದ್ದು ನನ್ನ ಹೆಬ್ಬೆರಳಿಗೆ ತಾಗಿತು. ಕೂಗಿದವನು ನಾನು, ಸರದಾರ ಆಕಳಿಸಿದ. ಅಕ್ಕ ಸೂಜಿ ಕಸಿದುಕೊಂಡು, ತಂದದ್ದೇ ತಪ್ಪು ಸೂಜಿ ಎಂದಳು. ಸೀಸೆಯ ಮೇಲೆ 40 ಎಂದಿದ್ದರೆ ಕೆಂಪು ಟೊಪ್ಪಿಗೆಯ ಸೂಜಿ, 100 ಎಂದಿದ್ದರೆ ಕೇಸರಿ ಟೊಪ್ಪಿಗೆಯದು. ಅದಲು ಬದಲಾದರೆ ಲೆಕ್ಕವೆಲ್ಲ ಕೆಟ್ಟು ಜೀವಕ್ಕೇ ಕುತ್ತು. ತನ್ನ ಡಬ್ಬಿಯಿಂದ ಹೊಸ ಕೆಂಪು ಟೊಪ್ಪಿಗೆಯದೊಂದು ತೆಗೆದು, ಡಾಕ್ಟರು ಬರೆದಷ್ಟೇ ಎಳೆದು, ಬೆಳಕಿಗೆ ಹಿಡಿದು ಗುಳ್ಳೆ ಕಳೆದು, ಉಗುರಿನಿಂದ ಟಪ್ಪೆನಿಸಿ ಹಾಕಿ ಮುಗಿಸಿದಳು. ಮೂರನೇ ಇಯತ್ತೆ ಕಲಿತ ಹೆಣ್ಣುಮಗಳು. ನಾನು ಬಿ.ಎಸ್ಸಿ., ಬಿ.ಎಡ್.

ಈಗ ಉಚ್ಚೆ ಹದಕ್ಕೆ ಬಂದಿದೆ, ನೆಲ ಒಣಗಿದೆ. ಮನೆಯ ಗಡಿಯಾರ ಮಾತ್ರ ಸರದಾರನದು. ಮುಂಜಾನೆ ಏಳಕ್ಕೆ ಅವನ ಊಟ, ಅಕ್ಕನ ಊಟ, ಇಬ್ಬರಿಗೂ ಸೂಜಿ. ಆಮೇಲೆ ಯಾರಿಗಾದರೂ ನೆನಪಾದರೆ ನನ್ನ ಚಹಾ. ಮೊನ್ನೆ ಅವನಿಗೆ ಅಂಗಳದಲ್ಲಿ ಹಾಸಿಗೆ ಸಿಕ್ಕಿತು, ನನ್ನ ಶಾಲಿನದು. ನೋಡಿ ನೋಡಿ ನನಗೂ ಹೊಟ್ಟೆಕಿಚ್ಚಾಯಿತು. ರಾತ್ರಿ ನಾನೂ ಏಳುತ್ತೇನೆ, ನನಗೂ ಬಾಯಾರುತ್ತದೆ, ನನಗೂ ವಯಸ್ಸಾಗಿದೆ. ಉಪವಾಸವಿದ್ದು ಅಕ್ಕನ ಮುಂದೆ ಬೆರಳು ಚಾಚಿದೆ. ಅವಳು ಚುಚ್ಚಿ, ಮಷೀನಿಗೆ ಹನಿ ಮುಟ್ಟಿಸಿ, ಚಾಳೀಸು ಏರಿಸಿ ನೋಡಿದಳು.

“ತೊಂಬತ್ತಾರು. ಏನೂ ಆಗಿಲ್ಲ ನಿನಗ. ಏಳು, ನಾಯಿನ್ನ ಹೊರಗ ಕರಕೊಂಡು ಹೋಗು.”