ಬ್ಯಾಟರಿ ರಾಯರು

ಬೀದಿಯಲ್ಲಿ ಯಾರ ಗಾಡಿ ಸ್ಟಾರ್ಟ್ ಆಗದಿದ್ದರೂ ಮೊದಲು ಗೊತ್ತಾಗುವುದು ರಾಯರಿಗೆ. ಸೆಲ್ಫ್ ಎರಡನೇ ಸಲ ಮುಲುಗುವಷ್ಟರಲ್ಲಿ ಅವರು ಪಂಚೆ ಎತ್ತಿ ಕಟ್ಟಿ ಗೇಟು ದಾಟಿರುತ್ತಾರೆ. ಕೈಯಲ್ಲಿ ಪೇಪರು, ಓದುತ್ತಿದ್ದ ಪುಟದೊಳಗೆ ಬೆರಳು. "ಬಾನೆಟ್ ಎತ್ರೀ" ಎನ್ನುತ್ತಾರೆ. ಎತ್ತಿದ ಮೇಲೆ ಏನನ್ನೂ ಮುಟ್ಟುವುದಿಲ್ಲ, ಬಗ್ಗಿ ನೋಡಿ, ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಡುತ್ತಾರೆ: "ಬ್ಯಾಟರಿ ಹೋಗಿದೆ. ಬದಲಾಯಿಸಿಬಿಡಿ."

ಪೆಟ್ರೋಲ್ ಮುಗಿದು ನಿಂತ ಸ್ಕೂಟರಿಗೂ ಇದೇ ತೀರ್ಪು. ಅದಕ್ಕೇ ಅವರ ಹೆಸರು ಬ್ಯಾಟರಿ ರಾಯರು.

ಹಾಗಂತ ಅನುಭವವಿಲ್ಲದವರಲ್ಲ. ಪ್ರೀಮಿಯರ್ ಪದ್ಮಿನಿ ಓಡಿಸಿದವರು, ಬಜಾಜ್ ಚೇತಕ್ಕನ್ನು ಒಂದು ಪಕ್ಕಕ್ಕೆ ವಾಲಿಸಿ, ಒದ್ದು ಸ್ಟಾರ್ಟ್ ಮಾಡಿದವರು. ಚೋಕ್ ಎಳೆಯುವುದು, ಪಾಯಿಂಟ್ ಉಜ್ಜುವುದು, ಪ್ಲಗ್ ಬಿಚ್ಚಿ ಊದುವುದು ಎಲ್ಲ ಬಲ್ಲರು. ತೊಂದರೆ ಏನೆಂದರೆ, ಅವರು ಕಲಿತದ್ದು ಅಲ್ಲಿಗೇ ನಿಂತಿತು, ಗಾಡಿಗಳು ಮುಂದಕ್ಕೆ ಹೋದವು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲೂ ಕಾರ್ಬುರೇಟರ್ ಕಾಣುವುದು ಅಪರೂಪ. ರಾಯರು ಮಾತ್ರ ಇವತ್ತಿಗೂ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಚೋಕ್ ಹುಡುಕುತ್ತಾರೆ.

ರಾಯರಿಗೆ ಹಬ್ಬವೆಂದರೆ ನಮ್ಮ ಬೀದಿಯ ಮೇಷ್ಟರ ಕಾರು. ಅದು ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವಷ್ಟರಲ್ಲಿ 'ಟಕ್' ಅಂದು ಸುಮ್ಮನಾಗುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ. ಮೆಕ್ಯಾನಿಕ್ ಹತ್ತಿರ ಒಯ್ದರಂತೂ ಮಾವನ ಮನೆಗೆ ಬಂದ ಹೊಸ ಅಳಿಯನಷ್ಟು ವಿನಯ.

"ಬ್ಯಾಟರಿ" ಎಂದರು ರಾಯರು. ಮೇಷ್ಟರು ಹೊಸ ಬ್ಯಾಟರಿ ಹಾಕಿಸಿದರು. ವಾರದೊಳಗೆ ಮತ್ತೆ ಟಕ್. "ಹಾಗಾದ್ರೆ ಸೆಲ್ಫು. ಕಾರ್ಬನ್ ಬ್ರಷ್ ಸವೆದಿರುತ್ತೆ." ಬ್ರಷ್ಷೂ ಬದಲಾಯಿತು. ಮತ್ತೆ ಟಕ್. "ಡೈನಮೋ ಚಾರ್ಜ್ ಮಾಡ್ತಿಲ್ಲ ಮೇಷ್ಟ್ರೇ, ಅದನ್ನೂ ಒಂದು ಬದಲಾಯಿಸಿಬಿಟ್ರೆ..." ಅಷ್ಟರಲ್ಲಿ ಮೇಷ್ಟರ ಹೆಂಡತಿ ಹೊರಗೆ ಬಂದು, "ಕಾರನ್ನೇ ಬದಲಾಯಿಸಿಬಿಡಿ ಅನ್ನಿ ರಾಯರೇ, ಸುಲಭ" ಎಂದರು. ರಾಯರು ಅದನ್ನೂ ಗಂಭೀರವಾಗಿ ಯೋಚಿಸಿದರು.

ಕೊನೆಗೆ ಬಂದವನು ಆಟೋ ಎಲೆಕ್ಟ್ರಿಷಿಯನ್ ಹುಡುಗ. ಅವನು ಬಾನೆಟ್ ಎತ್ತುವ ಮೊದಲೇ ಕೇಳತೊಡಗಿದ. ಇಂಜಿನ್ ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ? ಒಂದೇ ಸಲ ಟಕ್ ಅನ್ನುತ್ತೋ, ಟಕಟಕಟಕ ಅನ್ನುತ್ತೋ? ಆಗ ಡ್ಯಾಶ್‌ಬೋರ್ಡ್ ಲೈಟು ಮಂಕಾಗುತ್ತೋ ಇಲ್ಲವೋ? "ಇದನ್ನೆಲ್ಲ ಕೇಳೋಕೆ ಇವನೇನು ಡಾಕ್ಟರಾ?" ಎಂದು ರಾಯರು ನನ್ನ ಕಿವಿಯಲ್ಲಿ ಗೊಣಗಿದರು.

ಹುಡುಗ ಮೀಟರ್ ತೆಗೆದ. ಬ್ಯಾಟರಿಯಲ್ಲಿ 12.6 ವೋಲ್ಟ್. ಇಂಜಿನ್ ಓಡುವಾಗ 14.2. ಬ್ಯಾಟರಿಗೂ ಡೈನಮೋಗೂ ಅಲ್ಲೇ ಖುಲಾಸೆ ಸಿಕ್ಕಿತು. ಮೇಷ್ಟರಿಂದ ಬೀದಿಯಲ್ಲೇ ಒಂದು ಸುತ್ತು ಓಡಿಸಿ ಇಂಜಿನ್ ಬಿಸಿ ಮಾಡಿಸಿದ. ಆಮೇಲೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಒತ್ತಿ, "ಸೆಲ್ಫ್ ಹೊಡೀರಿ ಸಾರ್" ಅಂದ. ಟಕ್. ಅರ್ಧ ವೋಲ್ಟೂ ದಾಟಬಾರದ ಕಡೆ ಮೀಟರು ಮೂರರ ಹತ್ತಿರ ತೋರಿಸಿತು. ಬ್ಯಾಟರಿಯಿಂದ ಬಾಡಿಗೂ ಇಂಜಿನ್ನಿಗೂ ಹೋಗುವ ಅರ್ತಿಂಗ್ ವೈರಿನ ಬೋಲ್ಟ್ ಬಿಚ್ಚಿದ. ಅಡಿಯಲ್ಲಿ ಹಸಿರು ಕಿಲುಬು. ಕರೆಂಟು ಹೋಗುವ ದಾರಿ ಇದ್ದರೂ ವಾಪಸ್ ಬರುವ ದಾರಿ ಕಟ್ಟಿಕೊಂಡಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಒಂದಿಷ್ಟು ವ್ಯಾಸಲೀನ್ ಸವರಿದ. ಕಾರು ಬಿಸಿಯಲ್ಲೇ ಬುರ್ರೆಂದು ಎದ್ದಿತು.

"ನಾನು ಮೊದಲೇ ಹೇಳಿದ್ನಲ್ಲ," ರಾಯರು ಪೇಪರು ಮಡಚುತ್ತ ಎಂದರು, "ಎಲ್ಲ ಬ್ಯಾಟರಿ ಹತ್ತಿರದ್ದೇ ಅಂತ!"

ಇಂಥ ರಾಯರು ಇಲ್ಲದ ಬೀದಿ ಇರಲಾರದು. ತಳ್ಳುವ ಹೊತ್ತಿಗೆ ಅವರಿಗೆ ಬೆನ್ನುನೋವು, ಬಿಲ್ ಕೊಡುವ ಹೊತ್ತಿಗೆ ಸಂಧ್ಯಾವಂದನೆ. ಕೆಟ್ಟವರಲ್ಲ, ನಿಮ್ಮ ದುಡ್ಡಿನಲ್ಲಿ ಒಂದೊಂದಾಗಿ ಬದಲಾಯಿಸುತ್ತ ಹೋದರೆ ಎಂದಾದರೊಂದು ದಿನ ಸರಿಯಾದ ಭಾಗ ಸಿಕ್ಕೇ ಸಿಗುತ್ತದೆಂಬ ಅಚಲ ನಂಬಿಕೆ ಉಳ್ಳವರು, ಅಷ್ಟೆ.

ನಿಮ್ಮ ಗಾಡಿಯೂ ಒಮ್ಮೆ ಎದ್ದು ಒಮ್ಮೆ ಮಲಗುತ್ತಿದ್ದರೆ ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆಯಿರಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್ಲನ್ನೋ ನೋಡಿಸಿ. ಲೈಟು ಹಾಗೇ ಉರಿಯುತ್ತಿದ್ದೂ ಸೆಲ್ಫ್ ತಿರುಗದಿದ್ದರೆ ತೊಂದರೆ ಸೆಲ್ಫಿನಲ್ಲೋ ಅದರ ವೈರಿಂಗಿನಲ್ಲೋ ಇರಬಹುದು. ಯಾವಾಗ ಕೈಕೊಟ್ಟಿತು, ಏನು ಸದ್ದಾಯಿತು ಎಂದು ಬರೆದಿಟ್ಟುಕೊಳ್ಳಿ. ಇಷ್ಟನ್ನೂ ರಾಯರು ಮಧ್ಯಾಹ್ನದ ನಿದ್ದೆ ಮಾಡುವಾಗ ಮುಗಿಸಿಕೊಳ್ಳುವುದು ಕ್ಷೇಮ.